ಅಮೆರಿಕದ ವಲಸೆ ಶಾಸನಗಳಲ್ಲಿ ಆದ್ಯತೆಯ ತತ್ತ್ವ: ಒಂದು ಚಾರಿತ್ರಿಕ ಪರಿಶೀಲನೆ

ವಲಸೆ ಬರಬಯಸುವವರಲ್ಲಿ ಕೆಲವರಿಗೆ ಆದ್ಯತೆ ನೀಡುವುದು ಯುಕ್ತವೇ ಎಂಬ ಪ್ರಶ್ನೆಯನ್ನು ಬಹುಮಟ್ಟಿಗೆ ನೀತಿಶಾಸ್ತ್ರದ ಪ್ರಶ್ನೆಯಾಗಿ ಚರ್ಚಿಸಲಾಗಿದೆ. ಚರಿತ್ರೆಯ ದೃಷ್ಟಿಯಿಂದ ನೋಡಿದರೆ ಪ್ರಶ್ನೆಯ ಸ್ವರೂಪವೇ ಬೇರೆಯಾಗುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದೀಚೆಗೆ ಆದ್ಯತೆಯಿಲ್ಲದ ವಲಸೆ ಕಾನೂನು ಇದ್ದದ್ದೇ ಇಲ್ಲ. ಬದಲಾದದ್ದು ಆದ್ಯತೆಯ ಆಧಾರ ಮಾತ್ರ: ಜನಾಂಗ, ಅಕ್ಷರಜ್ಞಾನ, ರಕ್ತಸಂಬಂಧ, ವೃತ್ತಿಕೌಶಲ ಇವು ಒಂದಾದ ಮೇಲೊಂದರಂತೆ, ಕೆಲವೊಮ್ಮೆ ಒಂದರೊಳಗೊಂದು ಬೆರೆತು, ಅಳತೆಗೋಲುಗಳಾಗಿ ಬಳಕೆಗೆ ಬಂದವು. ಈ ಅಳತೆಗೋಲುಗಳನ್ನು ರೂಪಿಸಿದವರ ಉದ್ದೇಶಕ್ಕೂ ಅವುಗಳಿಂದ ಒದಗಿದ ಪರಿಣಾಮಕ್ಕೂ ಇರುವ ಅಂತರ ವಿಶೇಷವಾಗಿ ಗಮನಿಸಬೇಕಾದುದು.

1882ರ ಚೀನೀ ಬಹಿಷ್ಕಾರ ಶಾಸನವನ್ನು ಕೇವಲ ಜನಾಂಗದ್ವೇಷದ ದಾಖಲೆಯೆಂದು ಓದುವುದು ವಾಡಿಕೆ. ಆದರೆ ಅದು ನಿಷೇಧಿಸಿದ್ದು ಚೀನೀ ಕೂಲಿಕಾರರನ್ನು. ವರ್ತಕರು, ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಪ್ರವಾಸಿಗಳಿಗೆ ದಾರಿ ತೆರೆದೇ ಇತ್ತು. ಜನಾಂಗದ ಜೊತೆಗೆ ವರ್ಗವೂ ಅಲ್ಲಿ ಕೆಲಸ ಮಾಡಿತ್ತು. ಮೂರು ವರ್ಷಗಳ ತರುವಾಯ, 1885ರಲ್ಲಿ ಬಂದ ಕರಾರು ಕೂಲಿ ಶಾಸನ ಇಂದಿನ ಓದುಗರಿಗೆ ವಿಚಿತ್ರವಾಗಿ ತೋರಬಹುದು. ಹಡಗು ಹತ್ತುವ ಮೊದಲೇ ಉದ್ಯೋಗದ ಒಪ್ಪಂದ ಮಾಡಿಕೊಂಡು ಬರುವ ಕಾರ್ಮಿಕನಿಗೆ ಅದು ಪ್ರವೇಶ ನಿರಾಕರಿಸಿತು. ಮಾಲೀಕರು ಅಗ್ಗದ ಕೂಲಿಗೆ ಪರದೇಶದವರನ್ನು ತರಿಸಿ ಸ್ಥಳೀಯರ ಮುಷ್ಕರಗಳನ್ನು ಮುರಿಯುತ್ತಾರೆಂಬ ಕಾರ್ಮಿಕ ಸಂಘಗಳ ದೂರು ಇದರ ಹಿಂದಿತ್ತು. ಮುಂದೆ ಯಾವುದು ಪ್ರವೇಶದ ಅರ್ಹತೆಯಾಯಿತೋ ಅದೇ ಅಂದು ಅನರ್ಹತೆಯಾಗಿತ್ತು.

1917ರ ಶಾಸನ ಅಕ್ಷರಪರೀಕ್ಷೆಯನ್ನು ತಂದಿತು. ಹದಿನಾರು ವರ್ಷ ಮೀರಿದ ವಲಸಿಗ ತನಗೆ ಬರುವ ಯಾವುದಾದರೊಂದು ಭಾಷೆಯಲ್ಲಿ 30-40 ಪದಗಳ ಪಾಠವನ್ನು ಓದಬೇಕಿತ್ತು. ಇಂತಹ ಮಸೂದೆಗಳಿಗೆ 1897ರಲ್ಲಿ ಕ್ಲೀವ್‌ಲ್ಯಾಂಡ್, 1913ರಲ್ಲಿ ಟಾಫ್ಟ್, 1915ರಲ್ಲಿ ವಿಲ್ಸನ್ ಅಂಗೀಕಾರ ನಿರಾಕರಿಸಿದ್ದರು. 1917ರಲ್ಲಿ ವಿಲ್ಸನ್ ಮತ್ತೆ ನಿರಾಕರಿಸಿದಾಗ ಕಾಂಗ್ರೆಸ್ಸು ಅದನ್ನು ಮೀರಿ ಮಸೂದೆಯನ್ನು ಶಾಸನವಾಗಿಸಿತು. ಈ ಪರೀಕ್ಷೆ ವ್ಯಕ್ತಿಯ ಯೋಗ್ಯತೆಯನ್ನು ಅಳೆಯುವುದಿಲ್ಲ, ಓದುವ ಅವಕಾಶ ದೊರೆಯದವರಿಗೆ ದಂಡ ವಿಧಿಸುತ್ತದೆ ಎಂಬುದು ವಿಲ್ಸನ್ನರ ಆಕ್ಷೇಪಣೆಯ ತಿರುಳು. ಇತರ ವಿಷಯಗಳಲ್ಲಿ ಜನಾಂಗಭೇದವನ್ನು ಪೋಷಿಸಿದ ಅಧ್ಯಕ್ಷನೊಬ್ಬನಿಂದ ಈ ವಾದ ಬಂದಿತೆಂಬುದು ನಿಜ. ಆದರೂ ಅದರ ತೂಕ ಕಡಿಮೆಯಾಗುವುದಿಲ್ಲ. ಇದೇ ಶಾಸನ ಭಾರತವನ್ನೂ ಒಳಗೊಂಡ ನಿಷಿದ್ಧ ಏಷ್ಯಾ ವಲಯವನ್ನು ಗುರುತಿಸಿತು.

1921 ಮತ್ತು 1924ರ ಕೋಟಾ ಶಾಸನಗಳಲ್ಲಿ ಜನಾಂಗದ ಆದ್ಯತೆ ಅಂಕಿ-ಅಂಶಗಳ ಉಡುಪು ತೊಟ್ಟಿತು. ಮೊದಲನೆಯದು 1910ರ ಜನಗಣತಿಯನ್ನು ಆಧಾರವಾಗಿಟ್ಟುಕೊಂಡು ಪ್ರತಿ ದೇಶದ ಮೂಲದವರ ಸಂಖ್ಯೆಯ ಶೇಕಡಾ 3ರಷ್ಟು ಜನರಿಗೆ ಅವಕಾಶ ನೀಡಿತು. ಎರಡನೆಯದು ಪ್ರಮಾಣವನ್ನು ಶೇಕಡಾ 2ಕ್ಕೆ ಇಳಿಸಿದ್ದಲ್ಲದೆ ಆಧಾರವರ್ಷವನ್ನು 1890ಕ್ಕೆ ಹಿಂದಕ್ಕೆ ಸರಿಸಿತು. ಇಟಲಿ, ಪೋಲೆಂಡ್, ರಷ್ಯಾಗಳಿಂದ ದೊಡ್ಡ ಪ್ರಮಾಣದ ವಲಸೆ ನಡೆದದ್ದು 1890ರ ಅನಂತರ. ಜನಗಣತಿಯ ವರ್ಷವನ್ನು ಬದಲಿಸಿದರೆ ಸಾಕು, ಯಾರನ್ನೂ ಹೆಸರಿಸದೆ ಹೊರಗಿಡಬಹುದಿತ್ತು.

ಭಾರತೀಯರಿಗೆ ಸಂಬಂಧಿಸಿದಂತೆ ನಿರ್ಣಾಯಕವಾದದ್ದು ಭಗತ್ ಸಿಂಗ್ ಥಿಂದ್ ಪ್ರಕರಣ. ಪಂಜಾಬಿನಿಂದ ಬಂದು ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ಥಿಂದ್, ಅಂದಿನ ಜನಾಂಗಶಾಸ್ತ್ರದ ಪ್ರಕಾರ ತಾನು ಕಾಕೇಷಿಯನ್ನನೆಂದೂ ಆದ್ದರಿಂದ ಪೌರತ್ವಕ್ಕೆ ಅರ್ಹನೆಂದೂ ವಾದಿಸಿದ. ಮೂರು ತಿಂಗಳ ಹಿಂದೆಯಷ್ಟೇ, 1922ರ ಒಜಾವಾ ಪ್ರಕರಣದಲ್ಲಿ, ಜಪಾನೀಯನು ಕಾಕೇಷಿಯನ್ ಅಲ್ಲವೆಂಬ ಕಾರಣಕ್ಕೆ ಪೌರತ್ವ ನಿರಾಕರಿಸಿದ್ದ ಅದೇ ನ್ಯಾಯಮೂರ್ತಿ ಸದರ್‌ಲ್ಯಾಂಡ್, 1923ರ ಫೆಬ್ರವರಿಯಲ್ಲಿ ಶಾಸ್ತ್ರವನ್ನು ಬದಿಗಿರಿಸಿ ಸಾಮಾನ್ಯ ಜನರ ತಿಳಿವಳಿಕೆಯೇ ಪ್ರಮಾಣವೆಂದರು. ಈಗಾಗಲೇ ಪೌರರಾಗಿದ್ದ ಹಲವು ಭಾರತೀಯರ ಪೌರತ್ವ ರದ್ದಾಯಿತು. ಪೌರತ್ವಕ್ಕೆ ಅನರ್ಹರಾದವರು ಭೂಮಿ ಹೊಂದಬಾರದೆಂಬ ಕ್ಯಾಲಿಫೋರ್ನಿಯಾದ ಕಾನೂನು ಅವರ ಜೀವನೋಪಾಯಕ್ಕೂ ಕೊಡಲಿಪೆಟ್ಟು ಹಾಕಿತು. 1946ರ ಲ್ಯೂಸ್-ಸೆಲರ್ ಶಾಸನ ಪೌರತ್ವದ ಹಕ್ಕನ್ನು ಮರಳಿ ನೀಡಿತಾದರೂ ವರ್ಷಕ್ಕೆ ನಿಗದಿಯಾದ ಭಾರತದ ಕೋಟಾ ಕೇವಲ 100. ಎ.ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ವೇತನ ಪಡೆದು ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ತೆರಳಿದ ಕಾಲದಲ್ಲಿಯೂ ಸ್ಥಿತಿ ಇದೇ ಆಗಿತ್ತು. ವ್ಯಾಸಂಗಕ್ಕೆಂದು ತಾತ್ಕಾಲಿಕವಾಗಿ ಬರುವವರಿಗೆ ಮಾತ್ರ ಕೋಟಾದ ತೊಡಕಿರಲಿಲ್ಲ.

ವೃತ್ತಿಕೌಶಲಕ್ಕೆ ಸ್ಪಷ್ಟ ಆದ್ಯತೆಯನ್ನು ಕೊಟ್ಟದ್ದು 1952ರ ಶಾಸನ. ಆದರೆ ಪ್ರತಿ ದೇಶದ ಕೋಟಾದ ಅರ್ಧದಷ್ಟನ್ನು ಕುಶಲರಿಗೆ ಮೀಸಲಿಟ್ಟರೂ ಕೋಟಾ ನೂರೇ ಇದ್ದಾಗ ಅದರಿಂದಾಗುವ ಪ್ರಯೋಜನ ಅಷ್ಟಕ್ಕಷ್ಟೆ. ನಿಜವಾದ ತಿರುವು 1965ರ ಅಕ್ಟೋಬರ್ 3ರಂದು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ಹಾರ್ಟ್-ಸೆಲರ್ ಶಾಸನದಿಂದ ಉಂಟಾಯಿತು. ಮೂಲದೇಶದ ಕೋಟಾಗಳು ರದ್ದಾಗಿ, ಪೂರ್ವಗೋಳಾರ್ಧಕ್ಕೆ ಒಟ್ಟು 1,70,000 ಮತ್ತು ಪ್ರತಿ ದೇಶಕ್ಕೆ ಗರಿಷ್ಠ 20,000 ಎಂಬ ಮಿತಿ ಬಂದಿತು. ಸರ್ಕಾರದ ಮೂಲ ಪ್ರಸ್ತಾವದಲ್ಲಿ ಕುಶಲರಿಗೆ ಅಗ್ರಸ್ಥಾನವಿತ್ತು. ಪ್ರತಿನಿಧಿ ಸಭೆಯ ವಲಸೆ ಉಪಸಮಿತಿಯ ಅಧ್ಯಕ್ಷ ಮೈಕೆಲ್ ಫೇಗನ್ ಈ ಕ್ರಮವನ್ನು ತಲೆಕೆಳಗು ಮಾಡಿದರು. ಅಂತಿಮ ಶಾಸನದಲ್ಲಿ ಬಂಧುಗಳಿಗೆ ಶೇಕಡಾ 74, ವಿದ್ವಾಂಸರು ಹಾಗೂ ವೃತ್ತಿಪರರಿಗೆ ಶೇಕಡಾ 10, ಕೊರತೆಯಿರುವ ಕೆಲಸಗಳ ಕಾರ್ಮಿಕರಿಗೆ ಶೇಕಡಾ 10, ನಿರಾಶ್ರಿತರಿಗೆ ಶೇಕಡಾ 6 ಸಂದಿತು. ಈಗಾಗಲೇ ನೆಲೆಸಿರುವವರ ಬಂಧುಗಳೇ ಬರುವುದಾದರೆ, ಬರುವವರೂ ಬಹುಪಾಲು ಐರೋಪ್ಯರೇ ಆಗಿರುತ್ತಾರೆ, ಅಮೆರಿಕದ ಜನಸಂಯೋಜನೆ ಕದಡುವುದಿಲ್ಲ ಎಂಬುದು ಲೆಕ್ಕಾಚಾರ. ಕುಟುಂಬದ ಪಾವಿತ್ರ್ಯದ ಮಾತಿನ ಒಳಗೆ ಹಳೆಯ ಜನಾಂಗದ ಲೆಕ್ಕ ಇನ್ನೂ ಉಸಿರಾಡುತ್ತಿತ್ತು.

ಲೆಕ್ಕ ತಪ್ಪಿತು. ಯುದ್ಧೋತ್ತರ ಸಮೃದ್ಧಿಯಲ್ಲಿದ್ದ ಪಶ್ಚಿಮ ಯುರೋಪಿನವರಿಗೆ ಹೊರಡುವ ಒತ್ತಡವಿರಲಿಲ್ಲ. ಶೇಕಡಾ 10ರ ಕಿರುಬಾಗಿಲಿನಿಂದ ಒಳಹೊಕ್ಕ ಭಾರತೀಯ ವೈದ್ಯರು, ಎಂಜಿನಿಯರುಗಳು ಕೆಲವೇ ವರ್ಷಗಳಲ್ಲಿ ಪೌರರಾಗಿ, ಅಣ್ಣತಮ್ಮಂದಿರು ಅಕ್ಕತಂಗಿಯರಿಗಾಗಿ ಮೀಸಲಾಗಿದ್ದ ಶೇಕಡಾ 24ರ ಹೆಬ್ಬಾಗಿಲನ್ನು ಬಳಸಿಕೊಂಡರು. 1960ರಲ್ಲಿ ಸುಮಾರು 12,000 ಇದ್ದ ಭಾರತಸಂಜಾತರ ಸಂಖ್ಯೆ 1980ರ ವೇಳೆಗೆ ಎರಡು ಲಕ್ಷವನ್ನೂ 2000ದಲ್ಲಿ ಹತ್ತು ಲಕ್ಷವನ್ನೂ ಮೀರಿತು. ಕೌಶಲವೇ ಬಂಧುತ್ವವೇ ಎಂದು ಎರಡನ್ನು ಎದುರುಬದುರು ನಿಲ್ಲಿಸುವ ವಾದಗಳಿಗೆ ಈ ಅನುಭವ ಹೊಂದುವುದಿಲ್ಲ. ಇಂದಿನ ಕುಶಲ ವಲಸಿಗ ನಾಳಿನ ಬಂಧುವಿನ ಆಧಾರ. ಪೌರನೊಬ್ಬ ತನ್ನ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವುದು ಆತನ ಹಕ್ಕಿನ ಮಾತು, ಕುಶಲನನ್ನು ಕರೆಸುವುದು ದೇಶದ ಅನುಕೂಲದ ಮಾತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದೇ ಗೊಂದಲದ ಮೂಲ. ಅನುಕೂಲ ಮುಗಿದಾಗ ಬಾಗಿಲು ಕಿರಿದಾಗುವುದಕ್ಕೆ 1976ರ ಶಾಸನವೇ ನಿದರ್ಶನ: ವೈದ್ಯರ ಕೊರತೆ ನೀಗಿತೆಂದು ವಿದೇಶೀ ವೈದ್ಯರ ಪ್ರವೇಶವನ್ನು ಅದು ಬಿಗಿಗೊಳಿಸಿತು.

1967ರಲ್ಲಿ ಕೆನಡಾ ಜಾರಿಗೆ ತಂದ ಅಂಕಪದ್ಧತಿ ಈ ದೃಷ್ಟಿಯಿಂದ ಹೆಚ್ಚು ನೇರವಾದುದು. ಶಿಕ್ಷಣ, ವಯಸ್ಸು, ಭಾಷೆ, ಉದ್ಯೋಗ ಮುಂತಾದವುಗಳಿಗೆ ಒಟ್ಟು 100 ಅಂಕಗಳು, ಪ್ರವೇಶಕ್ಕೆ 50. ಜನಾಂಗ ಅಲ್ಲಿ ಲೆಕ್ಕಕ್ಕಿರಲಿಲ್ಲ. ಆದರೆ ವಿಲ್ಸನ್ ಎತ್ತಿದ ಆಕ್ಷೇಪಣೆಯನ್ನು ಈ ಪದ್ಧತಿಯೂ ಎದುರಿಸಬೇಕಾಗುತ್ತದೆ. ಮಣಿಪಾಲದಲ್ಲಿ 1953ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜಿಗೋ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿಗೋ ಸೇರಲು ಸಾಧ್ಯವಾದವರು ಯಾರು? ಇಂಗ್ಲಿಷ್, ಜಮೀನು, ಜಾತಿಯ ಬಲ, ನಗರದ ನಂಟು ಇವುಗಳಲ್ಲಿ ಒಂದಾದರೂ ಇದ್ದವರೇ ಬಹುಮಂದಿ. ದೂರದ ದೇಶದ ಅಧಿಕಾರಿ ಕೊಡುವ ಅಂಕ ಇಲ್ಲಿನ ಸಾಮಾಜಿಕ ಅಸಮಾನತೆಗೇ ಬಿದ್ದ ಅಂಕ. ಸರ್ಕಾರಿ ಕಾಲೇಜುಗಳಲ್ಲಿ ಓದಿದವರ ವಿದ್ಯೆಯ ವೆಚ್ಚವನ್ನು ತೆರಿಗೆದಾರ ಹೊತ್ತಿದ್ದನೆಂಬುದು ಬೇರೆ ಮಾತು. ಹೀಗೆ ಹೋದವರ ಆದಾಯದ ಮೇಲೆ ತೆರಿಗೆ ವಿಧಿಸಿ ತಾಯ್ನಾಡಿಗೆ ನೀಡಬೇಕೆಂದು ಅರ್ಥಶಾಸ್ತ್ರಜ್ಞ ಜಗದೀಶ್ ಭಗವತಿ 1970ರ ದಶಕದಲ್ಲಿ ಮುಂದಿಟ್ಟ ಸಲಹೆ ಕಾರ್ಯರೂಪಕ್ಕೆ ಬರಲಿಲ್ಲ.

1990ರ ಅಮೆರಿಕನ್ ಶಾಸನ ಉದ್ಯೋಗಾಧಾರಿತ ಕಾಯಂ ವಲಸೆಯನ್ನು ವರ್ಷಕ್ಕೆ 1,40,000ಕ್ಕೆ ಏರಿಸಿತು. ತಾತ್ಕಾಲಿಕ ಕುಶಲರಿಗಾಗಿ ಎಚ್-1ಬಿ ವೀಸಾ ರೂಪುಗೊಂಡು ಅದಕ್ಕೆ 65,000ದ ಮಿತಿ ವಿಧಿಸಲಾಯಿತು. ಬೆಂಗಳೂರಿನ ತಂತ್ರಾಂಶ ಉದ್ಯಮದ ಬೆಳವಣಿಗೆಯೊಂದಿಗೆ ಈ ವೀಸಾ ಕರ್ನಾಟಕದ ಮಧ್ಯಮವರ್ಗದ ಮನೆಮಾತಾಯಿತು. 2001-03ರ ಅವಧಿಯಲ್ಲಿ 1,95,000ಕ್ಕೇರಿದ್ದ ಮಿತಿ 2004ರಲ್ಲಿ ಮತ್ತೆ 65,000ಕ್ಕೆ ಇಳಿಯಿತು. ಅಲ್ಲಿನ ಸ್ನಾತಕೋತ್ತರ ಪದವೀಧರರಿಗಾಗಿ 20,000 ತರುವಾಯ ಸೇರಿತು. ಅರ್ಜಿಗಳು ಮಿತಿ ಮೀರಿದಾಗ ಆಯ್ಕೆ ನಡೆದದ್ದು ಲಾಟರಿಯಿಂದ. ಅರ್ಹತೆಯ ಹೆಸರಿನ ಪದ್ಧತಿ ಅದೃಷ್ಟಕ್ಕೆ ಶರಣಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಹೊರಬಿದ್ದ ಅಧ್ಯಕ್ಷೀಯ ಘೋಷಣೆ ಹೊಸ ಅರ್ಜಿಗಳಿಗೆ 1,00,000 ಡಾಲರ್ ಶುಲ್ಕ ವಿಧಿಸಿದಾಗ ಅಭ್ಯರ್ಥಿಯ ಕೌಶಲಕ್ಕಿಂತ ಮಾಲೀಕನ ಥೈಲಿ ಮುಖ್ಯವಾಯಿತು.

ಇದಕ್ಕಿಂತ ಗಹನವಾದ ತೊಡಕು ಕಾಯಂ ನೆಲೆಯ ವಿಷಯದಲ್ಲಿದೆ. ಯಾವುದೇ ಒಂದು ದೇಶದವರಿಗೆ ಒಟ್ಟು ಸಂಖ್ಯೆಯ ಶೇಕಡಾ 7ಕ್ಕಿಂತ ಹೆಚ್ಚು ಸಲ್ಲದೆಂಬ ಮಿತಿ 1965ರ ಸಮಾನತೆಯ ಆಶಯದ ಮುಂದುವರಿಕೆ. ಅದು ದೇಶದೇಶಗಳ ನಡುವೆ ಸಮಾನತೆಯನ್ನು ಕಾಯುತ್ತದೆ, ವ್ಯಕ್ತಿವ್ಯಕ್ತಿಗಳ ನಡುವೆ ಅದನ್ನು ಕೆಡಿಸುತ್ತದೆ. ಒಂದೇ ಪದವಿ, ಒಂದೇ ಹುದ್ದೆಯ ಇಬ್ಬರಲ್ಲಿ ಚಿಕ್ಕ ದೇಶದಲ್ಲಿ ಹುಟ್ಟಿದವನಿಗೆ ಬೇಗನೆ ದೊರೆಯುವುದು ಭಾರತದಲ್ಲಿ ಹುಟ್ಟಿದವನಿಗೆ ದಶಕಗಳ ಕಾಯುವಿಕೆಯಾಗಿದೆ. ಈ ನಡುವೆ ಮಕ್ಕಳು 21 ವರ್ಷ ತುಂಬಿ ಅವಲಂಬಿತರ ಸ್ಥಾನವನ್ನು ಕಳೆದುಕೊಳ್ಳುತ್ತಾರೆ. 2002ರ ಶಾಸನವೊಂದು ವಯಸ್ಸಿನ ಲೆಕ್ಕದಲ್ಲಿ ಅಲ್ಪಸ್ವಲ್ಪ ವಿನಾಯಿತಿ ನೀಡಿತಾದರೂ ದೀರ್ಘ ಸರದಿಯಲ್ಲಿರುವವರಿಗೆ ಅದು ಸಾಲದು. ಶೈಶವದಲ್ಲೇ ಹೋಗಿ ಅಲ್ಲಿಯೇ ಶಾಲೆ ಕಲಿತವರು, ತಂದೆತಾಯಿಗಳ ಅರ್ಜಿಯಿಂದ ಹೊರಬಿದ್ದು, ವಿದ್ಯಾರ್ಥಿ ವೀಸಾಕ್ಕಾಗಿ ಹೊಸ ಅರ್ಜಿದಾರರಾಗಿ ನಿಲ್ಲಬೇಕಾಗುತ್ತದೆ.