ಜಾತಕದ ಸಾಕ್ಷ್ಯ: ಲಿಂಗಸುಗೂರು ಸೀಮೆಯ ಒಂದು ಅತೀಂದ್ರಿಯ ಕಥನದ ಚರಿತ್ರೆ

ಪೀಠಿಕೆ

ಹಳೆಯ ಕೋಟೆಮನೆ, ವಂಶದ ಮೇಲೆ ತೂಗುವ ಭವಿಷ್ಯವಾಣಿ, ಅಕಾಲದಲ್ಲಿ ಸಾಯುವ ವಾರಸುದಾರ, ಕೊನೆಗೆ ಪರರ ಪಾಲಾಗುವ ಸೊತ್ತು. 1764ರಲ್ಲಿ ಹೊರೇಸ್ ವಾಲ್ಪೋಲ್ ಬರೆದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಈ ನಾಲ್ಕನ್ನೂ ಒಂದೆಡೆ ತಂದಿತು. ಇಂಗ್ಲಿಷಿನ ಭೂತಬಂಗಲೆ ಕಾದಂಬರಿಗಳಿಗೆ ಅದೇ ಅಡಿಪಾಯ. ರಾಯಚೂರು ಜಿಲ್ಲೆಯ ಇಂದಿನ ಲಿಂಗಸುಗೂರು, ಸಿಂಧನೂರು, ಮಸ್ಕಿಗಳಿಗೆ ಹೊಂದಿಕೊಂಡ ಸೀಮೆಯಲ್ಲೂ ಈ ನಾಲ್ಕು ಅಂಶಗಳಿರುವ ಕಥೆಯೊಂದಿದೆ. ಅದು ಬಂದದ್ದು ಮಾತ್ರ ಕಾದಂಬರಿಯಾಗಿ ಅಲ್ಲ, ಫಿಲಿಪ್ ಮೆಡೋಸ್ ಟೇಲರ್ ಎಂಬ ಅಧಿಕಾರಿಯ ಆತ್ಮಕಥೆ ‘ದಿ ಸ್ಟೋರಿ ಆಫ್ ಮೈ ಲೈಫ್’ನ (1877) ಭಾಗವಾಗಿ. ಸುರಪುರದ ಕೊನೆಯ ದೊರೆಯ ಸಾವನ್ನು ಅವನ ಜಾತಕ ಮೊದಲೇ ನುಡಿದಿತ್ತು ಎಂಬುದು ಅದರ ತಿರುಳು. ಜಾತಕ ನಿಜವಾಯಿತೇ ಎಂಬುದನ್ನು ಈ ಲೇಖನ ಕೇಳುವುದಿಲ್ಲ. ಜಾತಕದ ಕಥೆ ಒಂದು ರಾಜಕೀಯ ಸಾವನ್ನು ವಿಚಾರಣೆಯಿಂದ ಹೇಗೆ ಪಾರುಮಾಡಿತು ಎಂಬುದೇ ಇಲ್ಲಿನ ಪ್ರಶ್ನೆ.

ಸೀಮೆ ಮತ್ತು ಆಡಳಿತ

ಸುರಪುರ ಇಂದು ಯಾದಗಿರಿ ಜಿಲ್ಲೆಯಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಹಣೆಬರಹ ಕೃಷ್ಣೆಯ ಈಚೆಗಿನ ಲಿಂಗಸುಗೂರಿನ ದಂಡಿನೊಡನೆ ತಳಕು ಹಾಕಿಕೊಂಡಿತ್ತು. 1853ರ ಒಪ್ಪಂದದಲ್ಲಿ ನಿಜಾಮನು ರಾಯಚೂರು ದೋಆಬನ್ನು ಕಂಪನಿಗೆ ಬಿಟ್ಟುಕೊಟ್ಟ. 1860ರಲ್ಲಿ ದೋಆಬು ಅವನಿಗೆ ಮರಳಿತು, ಜೊತೆಗೆ ಸುರಪುರವೂ ಸಿಕ್ಕಿತು. ಮುಂದೆ ಲಿಂಗಸುಗೂರೇ ಜಿಲ್ಲಾಕೇಂದ್ರವಾಯಿತು. ಸಿಂಧನೂರು, ಸುರಪುರಗಳೆರಡೂ ಅದಕ್ಕೆ ಸೇರಿದ್ದವು. 1905ರಲ್ಲಿ ಆ ಜಿಲ್ಲೆ ರದ್ದಾದಾಗ ಸಿಂಧನೂರು ರಾಯಚೂರಿಗೂ ಸುರಪುರ ಗುಲ್ಬರ್ಗಕ್ಕೂ ಹೋದವು. ಈಗ ಬೇರೆಬೇರೆ ಜಿಲ್ಲೆಗಳಲ್ಲಿ ಹಂಚಿಹೋಗಿರುವ ಈ ಊರುಗಳ ಚರಿತ್ರೆಯನ್ನು ಒಟ್ಟಿಗೆ ಓದಬೇಕಾದದ್ದು ಇದೇ ಕಾರಣಕ್ಕೆ.

ಪ್ರಸಂಗ

1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದ ಟೇಲರ್ 1824ರಲ್ಲಿ ಮುಂಬಯಿಗೆ ಬಂದು, ಬಳಿಕ ನಿಜಾಮನ ಸೇವೆಗೆ ಸೇರಿದ. 1840ರ ದಶಕದ ಆರಂಭದಲ್ಲಿ ಅವನನ್ನು ಸುರಪುರಕ್ಕೆ ಕಳಿಸಲಾಯಿತು. ದೊರೆ ಕೃಷ್ಣಪ್ಪ ನಾಯಕ ತೀರಿಕೊಂಡ ಮೇಲೆ ಮಗ ವೆಂಕಟಪ್ಪ ನಾಯಕನಿಗೆ ಇನ್ನೂ ಎಳೆವಯಸ್ಸು. ರಾಣಿ ಈಶ್ವರಮ್ಮ ಒಂದೆಡೆ, ಅಧಿಕಾರಿ ಟೇಲರ್ ಇನ್ನೊಂದೆಡೆ ನಿಂತು ಸಂಸ್ಥಾನ ನಡೆಯಿತು. ಟೇಲರ್‌ನನ್ನು ಹುಡುಗ ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಸುರಪುರದ ಗುಡ್ಡದ ಮೇಲೆ ಇಂದಿಗೂ ಇರುವ ಟೇಲರ್ ಮಂಜಿಲ್ ಆ ಕಾಲದ ಗುರುತು.

ರಾಣಿ ಕಾಯಿಲೆ ಬಿದ್ದಾಗ ಗುಟ್ಟಾಗಿ ಹೇಳಿಸಿದ ಮಾತೊಂದನ್ನು ಟೇಲರ್ ಆತ್ಮಕಥೆಯಲ್ಲಿ ದಾಖಲಿಸುತ್ತಾನೆ: ಜಾತಕದ ಪ್ರಕಾರ ವೆಂಕಟಪ್ಪ ನಾಯಕ ತನ್ನ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾಯುತ್ತಾನೆ. ಈ ಸಂಗತಿ ಬಲ್ಲವರು ಬೆರಳೆಣಿಕೆಯ ಮಂದಿ. 1853ರಲ್ಲಿ ಆಡಳಿತವನ್ನು ಯುವ ದೊರೆಗೆ ಒಪ್ಪಿಸಿ ಟೇಲರ್ ನಳದುರ್ಗದ ಕಡೆ ಹೋದ.

1858ರ ಫೆಬ್ರವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ಕಾದಿತು. ಲಿಂಗಸುಗೂರಿನಿಂದಲೂ ಪಡೆ ಬಂತು. ಕ್ಯಾಪ್ಟನ್ ನ್ಯೂಬೆರಿ ಕಾಳಗದಲ್ಲಿ ಸತ್ತ. ಹೈದರಾಬಾದಿಗೆ ಹೋದ ದೊರೆ ಅಲ್ಲಿ ಸೆರೆಸಿಕ್ಕ. ವಿಚಾರಣೆಯಾಗಿ ಮರಣದಂಡನೆ ವಿಧಿಸಲಾಯಿತು. ಅದು ಇಳಿಯುತ್ತ ಇಳಿಯುತ್ತ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷದ ಬಂಧನವಾಯಿತು. ಇನ್ನು ಜಾತಕ ಸುಳ್ಳಾಯಿತೆಂದು ಟೇಲರ್ ನಿರಾಳನಾಗುತ್ತಾನೆ. ಅಷ್ಟರಲ್ಲೇ ಸುದ್ದಿ: ಸಾಗಿಸುವ ದಾರಿಯ ಬಿಡಾರದಲ್ಲಿ ದೊರೆ ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ಗುಂಡು ತಗುಲಿ ಸತ್ತ. ತಾನೇ ಹೊಡೆದುಕೊಂಡ ಎಂಬುದು ಅಧಿಕೃತ ಹೇಳಿಕೆ. ಬ್ರಿಟಿಷರೇ ಕೊಂದರೆಂಬ ಮಾತು ಸುರಪುರದ ಕಡೆ ಉಳಿದಿದೆ.

ಬರೆದವನ ಕೈ

ಇದನ್ನು ಬರೆದವನು ಸಾಧಾರಣ ವರದಿಗಾರನಲ್ಲ. ‘ಕನ್ಫೆಷನ್ಸ್ ಆಫ್ ಎ ಥಗ್’ (1839) ಮೂಲಕ, ಸೆರೆಯಾಳೊಬ್ಬನ ಬಾಯಿಂದಲೇ ಕೊಲೆಗಳ ಕಥೆ ಹೇಳಿಸಿ, ಟೇಲರ್ ಇಂಗ್ಲೆಂಡಿನಲ್ಲಿ ಹೆಸರಾಗಿದ್ದ. ಮರಣಾನಂತರ 1878ರಲ್ಲಿ ಬಂದ, ಚಾಂದಬೀಬಿಯನ್ನು ಕುರಿತ ‘ಎ ನೋಬಲ್ ಕ್ವೀನ್’ ಕಾದಂಬರಿಗೆ ಲಿಂಗಸುಗೂರು ತಾಲೂಕಿನ ಜಲದುರ್ಗ, ಮುದಗಲ್ಲುಗಳನ್ನೇ ತಾಣವಾಗಿ ಬಳಸಿಕೊಂಡ. ಈ ಸೀಮೆಯ ಕೋಟೆಗಳಿಂದ ಎಂಥ ಕಥೆ ಹುಟ್ಟಬಹುದೆಂದು ಅವನಿಗೆ ತಿಳಿದಿತ್ತು.

ಇನ್ನೂ ಮುಖ್ಯವಾದದ್ದು ಕಾಲಗಣನೆಯ ಬಗ್ಗೆ ಅವನಿಗಿದ್ದ ಒಲವು. ‘ತಾರಾ’ (1863), ‘ರಾಲ್ಫ್ ಡಾರ್ನೆಲ್’ (1865), ‘ಸೀತಾ’ (1872) ಎಂಬ ಮೂರು ಕಾದಂಬರಿಗಳು ಕ್ರಮವಾಗಿ 1657, 1757, 1857ರ ಆಸುಪಾಸಿನವು. ಶಿವಾಜಿಯ ಏಳಿಗೆ, ಪ್ಲಾಸಿ, ದಂಗೆ: ಒಂದೊಂದರ ನಡುವೆಯೂ ಸರಿಯಾಗಿ ನೂರು ವರ್ಷ. ಪ್ಲಾಸಿಯ ನಂತರ ನೂರು ವರ್ಷಕ್ಕೆ ಕಂಪನಿಯ ಆಳ್ವಿಕೆ ಮುಗಿಯುತ್ತದೆಂಬ ಮಾತು 1857ರಲ್ಲಿ ಉತ್ತರ ಹಿಂದುಸ್ತಾನದಲ್ಲಿ ಹಬ್ಬಿತ್ತು. ವಿಧಿಸಿದ ಗಡುವಿಗೆ ಸರಿಯಾಗಿ ಘಟನೆ ಬಂದು ನಿಲ್ಲುವುದು ಟೇಲರ್‌ನ ಚರಿತ್ರೆಯ ಕಲ್ಪನೆಯೊಳಗೇ ಇದ್ದ ಲಯ. ಜಾತಕದ ಪ್ರಸಂಗವೂ ಆ ಲಯದಲ್ಲೇ ನಡೆಯುತ್ತದೆ. ಶಿಕ್ಷೆ ಇಳಿದು ಓದುಗನಿಗೂ ಆಸೆ ಹುಟ್ಟಿದಾಗಲೇ ಸಾವಿನ ಸುದ್ದಿ ಬರುತ್ತದೆ.

ಸಾಕ್ಷ್ಯದ ಪರೀಕ್ಷೆ

ಅಂದಮೇಲೆ ಟೇಲರ್ ಸುಳ್ಳು ಹೇಳಿದನೆಂದು ತೀರ್ಮಾನಿಸಬೇಕಿಲ್ಲ. ದೊರೆಯ ಮೇಲೆ ಅವನಿಗಿದ್ದ ಮಮತೆ ಪುಟಪುಟದಲ್ಲೂ ಕಾಣುತ್ತದೆ. ಆದರೆ ಸಾಕ್ಷ್ಯವಾಗಿ ಈ ಬರಹಕ್ಕೆ ಮೂರು ಮಿತಿಗಳಿವೆ. ಒಂದು, ಸಾವಾದದ್ದು 1858ರಲ್ಲಿ, ಪುಸ್ತಕ ಬಂದದ್ದು 1877ರಲ್ಲಿ; ಟೇಲರ್ ಕೂಡ 1876ರಲ್ಲೇ ತೀರಿಕೊಂಡಿದ್ದ. ಎರಡು, ಭವಿಷ್ಯವನ್ನು ಗುಟ್ಟಾಗಿ ಇಡಲಾಗಿತ್ತೆಂದು ಕಥೆಯೇ ಹೇಳುವುದರಿಂದ ಓದುಗನು ಟೇಲರ್‌ನ ಮಾತನ್ನೇ ನೆಚ್ಚಬೇಕು. ಮೂರು, ಕಥೆ ಯಾರಿಗೆ ಅನುಕೂಲ? ಕಾವಲಿನಲ್ಲಿದ್ದ ಕೈದಿಯ ಕೈಗೆ ತುಂಬಿದ ರಿವಾಲ್ವರ್ ಹೇಗೆ ಬಂತು ಎಂದು ಯಾವ ಪೊಲೀಸನಾದರೂ ಮೊದಲು ಕೇಳುತ್ತಾನೆ. ಸಾವು ಜಾತಕದಲ್ಲಿ ಬರೆದದ್ದಾದರೆ ಆ ಪ್ರಶ್ನೆಗೆ ಕೆಲಸವೇ ಉಳಿಯುವುದಿಲ್ಲ. ಕಾವಲುಗಾರನ ಹೊಣೆ ಗ್ರಹಗಳ ಮೇಲೆ ಹೋಗುತ್ತದೆ, ವಾರಸುದಾರನಿಲ್ಲದ ಸಂಸ್ಥಾನ ಎರಡೇ ವರ್ಷದಲ್ಲಿ ಕೈಬದಲಾಗುತ್ತದೆ.

ಇದೇ ಸೀಮೆಯ ಮಸ್ಕಿ ಇದಕ್ಕೆ ಎದುರು ನಿದರ್ಶನ. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಯಾರೆಂಬ ಒಗಟಿಗೆ ಸಿಂಹಳದ ಗ್ರಂಥಗಳ ನೆರವಿನಿಂದ 1837ರಲ್ಲಿ ಉತ್ತರ ಸಿಕ್ಕಿತ್ತು. 1915ರಲ್ಲಿ ಚಿನ್ನದ ಅನ್ವೇಷಣೆಗೆ ಬಂದ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಬರಹವನ್ನು ಗುರುತಿಸಿದಾಗ ಅಶೋಕನೆಂಬ ಹೆಸರೇ ಕಲ್ಲಿನ ಮೇಲೆ ಕಂಡಿತು. ಅಲ್ಲಿ ಊಹೆಯನ್ನು ಬೇರೊಂದು ಆಧಾರ ಬಂದು ಗಟ್ಟಿಮಾಡಿತು. ಸುರಪುರದ ಜಾತಕಕ್ಕೆ ಅಂಥ ಎರಡನೆಯ ಆಧಾರದ ಬಲವಿಲ್ಲ.

ಸಮಾರೋಪ

ವಾಲ್ಪೋಲನ ಕಥೆಯಲ್ಲಿ ಭವಿಷ್ಯವಾಣಿ ಅನ್ಯಾಯದಿಂದ ಗಳಿಸಿದ ಸೊತ್ತನ್ನು ನಿಜವಾದ ಒಡೆಯನಿಗೆ ಮರಳಿಸುತ್ತದೆ. ಟೇಲರ್‌ನ ಬರಹದಲ್ಲಿ ಅದು ತಿರುವುಮುರುವು: ಒಡೆಯ ಸತ್ತ, ಸೊತ್ತು ಪರರದಾಯಿತು, ಭವಿಷ್ಯವಾಣಿ ಅದಕ್ಕೆ ಒಪ್ಪಿಗೆಯ ಮುದ್ರೆ ಒತ್ತಿತು. ವಸಾಹತು ಕಾಲದ ಅತೀಂದ್ರಿಯ ಕಥನಗಳನ್ನು ಬರಿಯ ಮೂಢನಂಬಿಕೆ ಎಂದು ತಳ್ಳಿಹಾಕಿದರೆ ಈ ವ್ಯತ್ಯಾಸ ಕಣ್ತಪ್ಪುತ್ತದೆ. ನಂಬಿಕೆ ಸ್ಥಳೀಯರದಿರಬಹುದು, ಅದನ್ನು ಬರೆದು, ಅಚ್ಚುಹಾಕಿ, ಉಪಯೋಗ ಪಡೆದವರು ಬೇರೆ. ಈ ಸೀಮೆಯ ಹಳೆಯ ಮನೆಗಳನ್ನಿಟ್ಟು ರಹಸ್ಯ ಕಾದಂಬರಿ ಬರೆಯಹೊರಡುವ ಕನ್ನಡ ಲೇಖಕರು ಜಾತಕವನ್ನು ಬದಿಗಿಟ್ಟು ಆ ರಿವಾಲ್ವರಿನಿಂದ ಆರಂಭಿಸಿದರೆ, ಚರಿತ್ರೆಕಾರರು ಕೇಳದೆ ಬಿಟ್ಟ ಪ್ರಶ್ನೆಯನ್ನೇ ಕೇಳಿದಂತಾಗುತ್ತದೆ.