ಗೋಮಾಳದ ಪುನರುಜ್ಜೀವನ

ಗಂಗ ಅರಸರ ಪೆನುಗೊಂಡೆಯ ತಾಮ್ರಶಾಸನದಲ್ಲಿ ಪರುವಿ ವಿಷಯವೆಂದು ಹೆಸರಾದ ನಮ್ಮ ಪರಿಗಿಯ ಸೀಮೆಗೆ ಕೆರೆಯು ಒಂದು ಕಣ್ಣಾದರೆ ಗೋಮಾಳವು ಇನ್ನೊಂದು. ಕೆರೆಯ ಚರಿತ್ರೆಯನ್ನು ಬರೆದವರುಂಟು. ಹುಲ್ಲಿನ ಚರಿತ್ರೆಯನ್ನು ನೆನೆದವರು ವಿರಳ.

ನೆರೆಯ ಮೈಸೂರು ನಾಡಿನಲ್ಲಿ ಚಿಕ್ಕದೇವರಾಜ ಒಡೆಯರು ತಮ್ಮ ರಾಸುಗಳಿಗಾಗಿ ‘ಬೆಣ್ಣೆ ಚಾವಡಿ’ಯನ್ನು ಏರ್ಪಡಿಸಿದರು. ಟಿಪ್ಪುವಿನ ಕಾಲದಲ್ಲಿ ಅದು ಅಮೃತಮಹಲ್ ಎನಿಸಿತು. ಅದರ ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ವಿಂಗಡಿಸಿದ್ದರು. ದನಗಳು ಒಂದೆಡೆ ಮೇಯುತ್ತಿರಲು ಉಳಿದೆಡೆಗಳಲ್ಲಿ ಹುಲ್ಲಿಗೆ ಚೇತರಿಸಿಕೊಂಡು ಬೀಜ ಕಟ್ಟಲು ಬಿಡುವು ದೊರೆಯುತ್ತಿತ್ತು. ಬಿಡುವಿಲ್ಲದೆ ಮೇಯಿಸಿದಲ್ಲಿ ಬೇರು ಸೊರಗುತ್ತದೆ, ಮಣ್ಣು ಕೊಚ್ಚಿಹೋಗುತ್ತದೆ, ದನಗಳು ಮುಟ್ಟದ ಮುಳ್ಳುಗಿಡವೇ ಉಳಿಯುತ್ತದೆ.

ಹಾಳಾದ ನೆಲವೂ ಮರಳಬಲ್ಲುದು ಎಂಬುದಕ್ಕೆ ನಿದರ್ಶನವು ನಮ್ಮ ಸಮೀಪದಲ್ಲೇ ಇದೆ. ಚೆನ್ನೇಕೊತ್ತಪಲ್ಲಿಯ ಬಳಿ 1990ರಲ್ಲಿ ಆರಂಭವಾದ ಟಿಂಬಕ್ಟು ಕಲೆಕ್ಟಿವ್ ಸಂಸ್ಥೆಯು ಮೊದಲು 32 ಎಕರೆ ಬರಡು ನೆಲವನ್ನು ಹಸುರುಗೊಳಿಸಿತು. ಮುಂದೆ ಮುಷ್ಟಿಕೋವಿಲ ಮೊದಲಾದ ಹಳ್ಳಿಗಳ ಜನರು ಅದರೊಡಗೂಡಿ ‘ಕಲ್ಪವಲ್ಲಿ’ಯ ಬೋಳುಗುಡ್ಡಗಳ ರಕ್ಷಣೆಗೆ ನಿಂತರು. ಕಾಡುಕಿಚ್ಚು ಹಬ್ಬದಂತೆ ಗೆರೆ ಸವರಿದರು, ಕಾವಲುಗಾರರನ್ನು ನೇಮಿಸಿದರು. ಹುಲ್ಲೂ ಈಚಲೂ ಮರಳಿ ಚಿಗುರಿದವು. ಕುರಿ ದನಗಳಿಗೆ ಮೇವಾಯಿತು.

ಒಡೆಯನಿಲ್ಲದ ನೆಲವೆಂದು ಬಗೆದುದರಿಂದಲೇ ಗೋಮಾಳಗಳು ಕೆಟ್ಟವು, ಒತ್ತುವರಿಗೂ ಗುರಿಯಾದವು. ನಮ್ಮ ಹಳ್ಳಿಗಳಲ್ಲಿ ಉಳಿದಿರುವಷ್ಟನ್ನಾದರೂ ಊರವರು ಕೂಡಿ ಎಲ್ಲೆಗಟ್ಟಲಿ, ಮೂರು ಪಾಲು ಮಾಡಿ ಸರದಿಯಂತೆ ಮೇಯಿಸಲಿ. ಇಳಿಜಾರಿಗೆ ಅಡ್ಡಲಾಗಿ ತೋಡು ತೆಗೆದು ಮಳೆನೀರನ್ನು ಇಂಗಿಸಲಿ. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಒಮ್ಮತ. ಅದನ್ನು ಕೂಡಿಸುವ ಹೊಣೆ ನಮ್ಮದು.