ರಂಗಭವನ ಮೌನವಾದ ಮೇಲೆ

ಚೆಂಬೂರಿನ ಹುಡುಗರಿಗೆ ರಾಕ್ ಸಂಗೀತವೆಂದರೆ ಮೊದಲು ಹಾರ್ಬರ್ ಲೈನಿನ ಲೋಕಲ್. ಕುರ್ಲಾ, ವಡಾಲಾ, ಸೇವ್ರಿ, ಕಾಟನ್ ಗ್ರೀನ್ ದಾಟಿ ವಿ.ಟಿ.ಯಲ್ಲಿ ಇಳಿದು ಧೋಬಿ ತಲಾವ್ ಕಡೆಗೆ ನಡೆದರೆ ಸೇಂಟ್ ಝೇವಿಯರ್ಸ್ ಕಾಲೇಜಿನ ಪಕ್ಕದಲ್ಲಿ ರಂಗಭವನ, ಸರ್ಕಾರದ ಬಯಲು ರಂಗಮಂದಿರ. ಚೆಂಬೂರಿನಲ್ಲಿ ಶಾಸ್ತ್ರೀಯ ಕಛೇರಿಗೆ ಫೈನ್ ಆರ್ಟ್ಸ್ ಸೊಸೈಟಿ ಇತ್ತು, ಕನ್ನಡಕ್ಕೆ ಕರ್ನಾಟಕ ಸಂಘವಿತ್ತು. ಕಿರುಚುವ ಗಿಟಾರು ಬೇಕಾದವರು ಮಾತ್ರ ರೈಲು ಹತ್ತಬೇಕಿತ್ತು. 1986ರಲ್ಲಿ ಶುರುವಾದ ‘ಇಂಡಿಪೆಂಡೆನ್ಸ್ ರಾಕ್’ ಉತ್ಸವಕ್ಕೆ ರಂಗಭವನವೇ ತವರು.

ಆಸ್ಪತ್ರೆ, ಶಾಲೆ-ಕಾಲೇಜುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವೆಂಬ ನಿಯಮ 2000ದಲ್ಲಿ ಬಂತು. ರಂಗಭವನದ ಪಕ್ಕ ಕಾಲೇಜು, ಕೂಗಳತೆಯಲ್ಲಿ ಕಾಮಾ ಆಸ್ಪತ್ರೆ. ಕೆಲವೇ ವರ್ಷಗಳಲ್ಲಿ ಅಲ್ಲಿನ ಸಂಗೀತ ನಿಂತಿತು. ರೋಗಿಗಳ ನಿದ್ದೆಯ ಮುಂದೆ ಗಿಟಾರಿನ ಪರ ವಾದಿಸುವುದು ಕಷ್ಟ. ಆದರೆ ಬದಲಿ ಜಾಗವನ್ನೂ ಯಾರೂ ಕೊಡಲಿಲ್ಲ.

‘ಡೆಮಾನಿಕ್ ರಿಸರೆಕ್ಷನ್’ ಹುಟ್ಟಿದ್ದು ಅದೇ 2000ದಲ್ಲಿ. ಮುಂಬೈಯ ಸಾಹಿಲ್ ಮಖೀಜಾ, ವೇದಿಕೆಯ ಮೇಲಿನ ಹೆಸರು ಡೀಮನ್‌ಸ್ಟೀಲರ್, ಕಟ್ಟಿದ ತಂಡ. ಗಂಟಲಿನಾಳದಿಂದ ಬರುವ ಗುಡುಗು ದನಿ, ಮೆಷಿನ್ ಗನ್ನಿನಂಥ ಡ್ರಮ್ಸ್, ಅದರ ಮೇಲೆ ಕೀಬೋರ್ಡಿನ ವಾದ್ಯವೃಂದ. ಕಾಲೇಜು ಸ್ಪರ್ಧೆಗಳಲ್ಲಿ ಬೇರೆಯವರ ಹಾಡನ್ನು ತಪ್ಪಿಲ್ಲದೆ ನುಡಿಸಿದವರಿಗೆ ಚಪ್ಪಾಳೆ ಬೀಳುತ್ತಿದ್ದ ಊರಿನಲ್ಲಿ ಇವರು ಸ್ವಂತ ಹಾಡುಗಳನ್ನೇ ಹಿಡಿದು ಕೂತರು.

ಇಂಥ ಸಂಗೀತವನ್ನು ಮುಟ್ಟುವ ಕಂಪನಿ ಇರಲಿಲ್ಲ. ಸಾಹಿಲ್ ಡೀಮನ್‌ಸ್ಟೀಲರ್ ರೆಕಾರ್ಡ್ಸ್ ತೆರೆದರು. ವೇದಿಕೆ ಇರಲಿಲ್ಲ, ‘ರಿಸರೆಕ್ಷನ್’ ಎಂಬ ಉತ್ಸವವನ್ನೇ ಶುರುಮಾಡಿ ಉಳಿದ ತಂಡಗಳನ್ನೂ ಕರೆದರು. ಪಾತ್ರಧಾರಿಯೇ ಮೇಳದ ಯಜಮಾನನೂ ಆಗಿ ಟಿಕೆಟ್ಟನ್ನೂ ಹರಿದಂತೆ. 2005ರಲ್ಲಿ ‘ಎ ಡಾರ್ಕ್‌ನೆಸ್ ಡಿಸೆಂಡ್ಸ್’, 2007ರಲ್ಲಿ ‘ಬಿಯಾಂಡ್ ದಿ ಡಾರ್ಕ್‌ನೆಸ್’. ಈ ಸರಣಿಯ ಮೂರನೆಯದಾದ ‘ದಿ ರಿಟರ್ನ್ ಟು ಡಾರ್ಕ್‌ನೆಸ್’ ಅನ್ನು 2010ರಲ್ಲಿ ಹೊರದೇಶಗಳಿಗೆ ಒಯ್ದದ್ದು ಕ್ಯಾಂಡಲ್‌ಲೈಟ್ ರೆಕಾರ್ಡ್ಸ್.

ಇದು ಸಣ್ಣ ಮಾತಲ್ಲ. ನಾರ್ವೆಯ ಎಂಪರರ್, ಸ್ವೀಡನ್ನಿನ ಓಪೆತ್ ತಂಡಗಳ ಮೊದಲ ಆಲ್ಬಮ್‌ಗಳನ್ನು 90ರ ದಶಕದಲ್ಲಿ ಹೊರತಂದ ಬ್ರಿಟಿಷ್ ಕಂಪನಿ ಅದು. ಭೂಗತ ಮೆಟಲ್ ಕೇಳುವವರು ಹಾಡಿಗೆ ಮೊದಲು ಆ ಮುದ್ರೆಯನ್ನು ನೋಡುತ್ತಿದ್ದರು. ಅದೇ ವರ್ಷ ಲಂಡನ್ನಿನಲ್ಲಿ ‘ಮೆಟಲ್ ಹ್ಯಾಮರ್’ ಪತ್ರಿಕೆ ತನ್ನ ಗೋಲ್ಡನ್ ಗಾಡ್ಸ್ ಸಮಾರಂಭದಲ್ಲಿ ಈ ತಂಡಕ್ಕೆ ಗ್ಲೋಬಲ್ ಮೆಟಲ್ ಪ್ರಶಸ್ತಿ ಕೊಟ್ಟಿತು. 2014ರಲ್ಲಿ ಜರ್ಮನಿಯ ವಾಕನ್ ಉತ್ಸವ. ಬೆಂಗಳೂರಿನ ಕ್ರಿಪ್ಟೋಸ್ ಅದರ ಹಿಂದಿನ ವರ್ಷವೇ ಆ ಹಳ್ಳಿಯ ಕೆಸರು ತುಳಿದು ಬಂದಿತ್ತು.

2014ರ ‘ದಿ ಡೀಮನ್ ಕಿಂಗ್’ ಹೊತ್ತಿಗೆ ಬೇಸ್ ಹಿಡಿದವರು ಅಶ್ವಿನ್ ಶ್ರೀಯಾನ್, ಗಿಟಾರಿನಲ್ಲಿ ನಿಶಿತ್ ಹೆಗ್ಡೆ. ಮುಂಬೈಯ ತುಳು-ಕನ್ನಡ ಸಂಘಗಳ ಆಮಂತ್ರಣ ಪತ್ರಿಕೆಯಲ್ಲಿ ದಿನವೂ ಕಾಣುವಂಥ ಹೆಸರುಗಳು. ಆ ಪತ್ರಿಕೆಗಳಲ್ಲಿ ಡೆತ್ ಮೆಟಲ್ ಮಾತ್ರ ಕಾಣುವುದಿಲ್ಲ.

ಆದರೂ ತಂಡದ ನಿಜವಾದ ಗಳಿಕೆ 2017ರ ‘ದಶಾವತಾರ’. ಮತ್ಸ್ಯದಿಂದ ಕಲ್ಕಿಯವರೆಗೆ ಹತ್ತು ಅವತಾರ, ಹತ್ತು ಹಾಡು, ನಡುನಡುವೆ ಸಿತಾರ್, ತಬಲಾ. ಮೊದಲಿನ ರಾಕ್ಷಸರು ಯುರೋಪಿನ ಪುಸ್ತಕಗಳಿಂದ ಬಂದವರಂತೆ ಕಾಣುತ್ತಿದ್ದರು. ಇಲ್ಲಿ ಹಿರಣ್ಯಕಶಿಪುವಿಗೆ ಪರಿಚಯ ಬೇಕಿಲ್ಲ. ಕರಾವಳಿಯವರಿಗೆ ದಶಾವತಾರವೆಂದರೆ ಆಟ, ಎಂದರೆ ಚಂಡೆಯ ಅಬ್ಬರ. ಅದನ್ನು ಇಡೀ ರಾತ್ರಿ ಕೇಳಿದ ಕಿವಿಗೆ ಈ ‘ನರಸಿಂಹ’ ತೀರಾ ಹೊಸದೆನಿಸಲಾರದು. ಸಾಹಿತ್ಯ ಇಂಗ್ಲಿಷ್, ಆ ಗರ್ಜನೆಯಲ್ಲಿ ಒಂದು ಪದವೂ ಬಿಡಿಸಿ ಕೇಳದು ಎಂಬ ದೂರು ನ್ಯಾಯವೇ, ಆದರೆ ಬಣ್ಣದ ವೇಷದ ಅಟ್ಟಹಾಸಕ್ಕೆ ಅರ್ಥ ಕೇಳುವವರುಂಟೆ?

ಇಷ್ಟೆಲ್ಲ ಆದರೂ ಹೊಟ್ಟೆಗೆ ಸಂಗೀತ ಸಾಲಲಿಲ್ಲ. ಸಾಹಿಲ್ ನಡೆಸುವ ಯೂಟ್ಯೂಬಿನ ‘ಹೆಡ್‌ಬ್ಯಾಂಗರ್ಸ್ ಕಿಚನ್’ನಲ್ಲಿ ಆರಂಭದಲ್ಲಿ ಮೆಟಲ್ ತಂಡಗಳ ಸಂದರ್ಶನವೂ ಒಂದು ಅಡುಗೆಯೂ ಇರುತ್ತಿದ್ದವು. ಮುಂದೆ ಅದು ಅಕ್ಕಿ, ಸಕ್ಕರೆ ಬಿಟ್ಟ ಕೀಟೊ ಅಡುಗೆಗೆ ಹೊರಳಿತು. ‘ದಶಾವತಾರ’ ಕೇಳಿದವರಿಗಿಂತ ಎಷ್ಟೋ ಪಟ್ಟು ಜನ ಅವರನ್ನು ಅಡುಗೆಯವರೆಂದೇ ಬಲ್ಲರು.